ಕೆಂಪಾ, ಹಸಿರಾ?

ನಮ್ಮ ಬ್ರಾಂಚಿನಲ್ಲಿ ಟರ್ಮಿನಲ್ ಥೀಮ್ ಬಗ್ಗೆ ನಡೆಯುವಷ್ಟು ವಾದ ಹಾಸ್ಟೆಲ್ ಮೆಸ್ಸಿನ ಸಾಂಬಾರಿನ ಬಗ್ಗೆಯೂ ನಡೆಯಲ್ಲ. ಒಬ್ಬನಿಗೆ ಡ್ರಾಕುಲಾ ಬಿಟ್ಟರೆ ಬೇರೆ ದೇವರಿಲ್ಲ. ಇನ್ನೊಬ್ಬಳದು ಗ್ರುವ್‌ಬಾಕ್ಸ್. ಮೂರನೆಯವನು ವಾರಕ್ಕೊಂದು ಥೀಮ್ ಬದಲಿಸಿ ಸ್ಕ್ರೀನ್‌ಶಾಟ್ ತೆಗೆದು ಗ್ರೂಪಿಗೆ ಹಾಕ್ತಾನೆ. ಆ ಟರ್ಮಿನಲ್‌ನಲ್ಲಿ ಅವನು ಕೆಲಸ ಮಾಡಿದ್ದನ್ನು ಮಾತ್ರ ಯಾರೂ ನೋಡಿಲ್ಲ. ವಾದವೆಲ್ಲ ಯಾವುದು ಚೆಂದ ಅನ್ನೋದರ ಮೇಲೇ. ಯಾವುದು ಓದೋಕೆ ಬರುತ್ತೆ ಅಂತ ಕೇಳುವವರು ಕಡಿಮೆ. ನಾನು ಕೇಳ್ತೀನಿ, ಯಾಕಂದ್ರೆ ನನಗೆ ಕೆಂಪು-ಹಸಿರು ಬಣ್ಣಗುರುಡು ಇದೆ.

"ಹಾಗಾದ್ರೆ ನಿಂಗೆ ಎಲ್ಲಾ ಬ್ಲ್ಯಾಕ್ ಅಂಡ್ ವೈಟಾ?" ಅಂತ ದಯವಿಟ್ಟು ಕೇಳಬೇಡಿ. ಅದಾದ ಮೇಲೆ ಬರುವ ಎರಡನೇ ಪ್ರಶ್ನೆಯೂ ನನಗೆ ಗೊತ್ತು: ತಮ್ಮ ಶರ್ಟ್ ಹಿಡಿದು ತೋರಿಸಿ "ಇದು ಯಾವ ಬಣ್ಣ ಹೇಳು ನೋಡೋಣ". ಬಣ್ಣ ಕಾಣುತ್ತೆ ಮಾರಾಯ್ರೇ. ಕಣ್ಣಿನ ರೆಟಿನಾದಲ್ಲಿ ಮೂರು ಬಗೆಯ ಕೋನ್ ಕೋಶಗಳಿವೆ. ನನ್ನದು ಪ್ರೋಟಾನ್ ಬಗೆಯ ದೋಷ, ಅಂದರೆ ಉದ್ದ ತರಂಗದ ಬೆಳಕನ್ನು ಹಿಡಿಯುವ ಕೋನ್ ಸರಿಯಾಗಿ ಕೆಲಸ ಮಾಡಲ್ಲ. ಇದರಿಂದ ಎರಡು ಪರಿಣಾಮ. ಒಂದು ಎಲ್ಲರಿಗೂ ಗೊತ್ತಿರೋದು: ಕೆಂಪು, ಕಂದು, ಕಡುಹಸಿರು ಎಲ್ಲ ಒಂದೇ ಮನೆಯ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ಇನ್ನೊಂದು ಹೆಚ್ಚಿನವರಿಗೆ ಗೊತ್ತಿಲ್ಲ: ಕೆಂಪು ಅನ್ನೋದೇ ನನಗೆ ಮಂಕು. ನಿಮಗೆ ಉರಿಯುವ ಕೆಂಡದ ಹಾಗೆ ಕಾಣುವ ಅಕ್ಷರ ನನಗೆ ಆರಿದ ಕೆಂಡ. ಈ ಜೀನ್ ಇರೋದು ಎಕ್ಸ್ ಕ್ರೋಮೋಸೋಮಿನ ಮೇಲೆ, ಹಾಗಾಗಿ ಹುಡುಗರಲ್ಲೇ ಜಾಸ್ತಿ. ಯುರೋಪ್ ಮೂಲದ ಗಂಡಸರಲ್ಲಿ ಸುಮಾರು 8 ಪರ್ಸೆಂಟ್ ಜನರಿಗೆ ಕೆಂಪು-ಹಸಿರು ದೋಷ ಇರುತ್ತೆ. ನಮ್ಮ ಕಡೆ ಸ್ವಲ್ಪ ಕಡಿಮೆ. ಆದರೂ ಅರವತ್ತು ಜನರ ಸೆಕ್ಷನ್‌ನಲ್ಲಿ ನನ್ನಂಥ ಇನ್ನೊಬ್ಬ ಸುಮ್ಮನೆ ಕೂತಿದ್ದರೆ ನನಗೆ ಆಶ್ಚರ್ಯ ಆಗಲ್ಲ.

ಸುಮ್ಮನೆ ಕೂರೋದೇ ನಮ್ಮ ಅಭ್ಯಾಸ. ಪಿಯುಸಿ ಕೆಮಿಸ್ಟ್ರಿ ಲ್ಯಾಬ್‌ನ ಫ್ಲೇಮ್ ಟೆಸ್ಟ್ ನೆನಪಿದೆಯಲ್ಲ? ಕ್ಯಾಲ್ಸಿಯಂಗೆ ಇಟ್ಟಿಗೆ ಕೆಂಪು, ಬೇರಿಯಂಗೆ ಸೇಬಿನ ಹಸಿರು. ನಾನು ಜ್ವಾಲೆ ನೋಡ್ತಾ ಇರಲಿಲ್ಲ, ಪಕ್ಕದವನ ಮುಖ ನೋಡ್ತಿದ್ದೆ. ಫಸ್ಟ್ ಇಯರ್‌ನಲ್ಲಿ ರೆಸಿಸ್ಟರ್ ಬಂತು: ಕಂದು, ಕೆಂಪು, ಕಿತ್ತಳೆ, ಹಸಿರು ಪಟ್ಟಿ. ಅಲ್ಲಿ ಮಲ್ಟಿಮೀಟರ್ ಕಾಪಾಡಿತು. ಹಸಿರು ಬೋರ್ಡಿನ ಮೇಲೆ ಕೆಂಪು ಚಾಕ್‌ಪೀಸ್‌ನಿಂದ ಅಂಡರ್‌ಲೈನ್ ಮಾಡುವ ಮೇಷ್ಟ್ರುಗಳಿಗಂತೂ ಒಂದು ದೊಡ್ಡ ನಮಸ್ಕಾರ. ಅವರು "ಇದು ತುಂಬಾ ಇಂಪಾರ್ಟೆಂಟ್" ಅಂತ ಗೆರೆ ಎಳೆದದ್ದೇ ನನಗೆ ಕಾಣ್ತಿರಲಿಲ್ಲ.

ಇವೆಲ್ಲ ಹೇಗೋ ಕಳೆದವು. ಮೂರನೇ ಸೆಮಿಸ್ಟರಿನ ಲ್ಯಾಬ್ ಇಂಟರ್ನಲ್ಸ್‌ನಲ್ಲಿ ಮಾತ್ರ ಹೇಗೋ ಅನ್ನೋದು ಕೆಲಸಕ್ಕೆ ಬರಲಿಲ್ಲ. ಆ ಸಲ ಹೊಸ ಪ್ರೋಗ್ರಾಂ ಒಂದು ಬಂದಿತ್ತು: ನಾವು ಬರೆದ ಕೋಡನ್ನು ಹತ್ತು ಟೆಸ್ಟ್ ಕೇಸುಗಳ ಮೇಲೆ ಓಡಿಸಿ ಟರ್ಮಿನಲ್‌ನಲ್ಲಿ ಹತ್ತು ಚುಕ್ಕೆ ತೋರಿಸುತ್ತೆ. ಪಾಸಾದರೆ ಹಸಿರು ಚುಕ್ಕೆ, ಫೇಲಾದರೆ ಕೆಂಪು. ಬರೀ ಚುಕ್ಕೆ. ಬಣ್ಣಗಳೂ ಅಚ್ಚ ಕೆಂಪು, ಅಚ್ಚ ಹಸಿರಲ್ಲ, ಈಗಿನ ಫ್ಯಾಷನ್ನಿನ ಮೆದುವಾದ, ಮಾಸಲು ಬಣ್ಣಗಳು. ಕೆಲವು ಕೆಂಪು ಕೆಲವು ಹಸಿರು ಅಕ್ಕಪಕ್ಕ ಬಂದಿದ್ದರೆ ಯಾವುದು ಮಂಕು ಯಾವುದು ಬೆಳಕು ಅಂತ ಹೋಲಿಸಿಯಾದರೂ ಊಹಿಸಬಹುದಿತ್ತು. ನನ್ನ ಸ್ಕ್ರೀನಿನಲ್ಲಿ ಹತ್ತೂ ಚುಕ್ಕೆ ಒಂದೇ ಥರ ಇದ್ದವು. ಎಲ್ಲ ಪಾಸೋ? ಎಲ್ಲ ಫೇಲೋ? ಸೊನ್ನೆಯೋ, ಪೂರ್ತಿ ಮಾರ್ಕ್ಸೋ?

ಬೇರೆ ದಿನವಾಗಿದ್ದರೆ ಪಕ್ಕದವನಿಗೆ "ಕೆಂಪಾ, ಹಸಿರಾ?" ಅಂತ ಪಿಸುಗುಟ್ಟಿದ್ದರೆ ಆಗ್ತಿತ್ತು. ಪರೀಕ್ಷೆಯಲ್ಲಿ ಪಿಸುಗುಟ್ಟಿದರೆ ಅದಕ್ಕೆ ಬೇರೆಯೇ ಹೆಸರಿದೆ. ಕೈ ಎತ್ತಿದೆ. ಸರ್ ವೈವಾ ತಗೊಳ್ತಿದ್ದರು, ಬರೋಕೆ ಕಾಲು ಗಂಟೆ ಆಯ್ತು. ಬಂದು ನೋಡಿ ಇಡೀ ಲ್ಯಾಬಿಗೆ ಕೇಳುವ ಹಾಗೆ "ಹಸಿರು ಕಣಪ್ಪ, ಎಲ್ಲಾ ಹಸಿರೇ! ಕಾಣಲ್ವಾ?" ಅಂದರು. ಪ್ರೀತಿಯಿಂದಲೇ ಅಂದದ್ದು. ನಾಲ್ಕು ಸಾಲಿನವರೂ ತಿರುಗಿ ನೋಡಿದರು. ಆ ಕಾಲು ಗಂಟೆಯಲ್ಲಿ ನಾನು ಎರಡನೇ ಪ್ರೋಗ್ರಾಂ ಶುರು ಮಾಡಬಹುದಿತ್ತು. ಅದಕ್ಕಿಂತ ಹೆಚ್ಚಾಗಿ, ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ವಿಷಯವನ್ನು ಯಾವಾಗ ಹೇಳಬೇಕು ಅನ್ನೋದು ನನ್ನ ಕೈಯಲ್ಲಿತ್ತು, ಅದು ಆವತ್ತು ಹೋಯ್ತು.

ಆ ಪ್ರೋಗ್ರಾಂ ಬರೆದದ್ದು ನಮ್ಮ ಸೀನಿಯರ್ ಒಬ್ಬರು. ಹೋಗಿ ಹೇಳಿದೆ. ಅವರು ಅಲ್ಲೇ ಲ್ಯಾಪ್‌ಟಾಪ್ ತೆಗೆದು ಚುಕ್ಕೆಯ ಜಾಗದಲ್ಲಿ ಪಾಸ್, ಫೇಲ್ ಅನ್ನೋ ಪದ ಹಾಕಿದರು. ಒಂದು ಸಾಲಿನ ಬದಲಾವಣೆ, ಬಣ್ಣವೂ ಹಾಗೇ ಉಳಿಯಿತು. "ಮೊದಲೇ ಹೇಳಿದ್ರೆ ಮೊದಲೇ ಮಾಡ್ತಿದ್ದೆ ಕಣೋ" ಅಂದರು. ನಿಜ, ಮಾಡ್ತಿದ್ದರು. ಆದರೆ ಪ್ರತಿ ಪ್ರೋಗ್ರಾಮಿನವರ ಹತ್ತಿರ ಹೋಗಿ ನನ್ನ ಕಣ್ಣಿನ ಕಥೆ ಹೇಳೋದು ಎಲ್ಲಿ ಆಗುತ್ತೆ? ಅದಕ್ಕೇ ಈ ಬಣ್ಣಗಳ ವಿಷಯ ಬುಡದಿಂದ ಓದಿ ತಿಳ್ಕೊಂಡೆ.

ಬುಡದಲ್ಲಿ ಏನಿದೆ ಅಂದ್ರೆ, ಟರ್ಮಿನಲ್‌ಗೆ ಬಣ್ಣಗಳೇ ಗೊತ್ತಿರಲಿಲ್ಲ. ಇವತ್ತು ನಾವು ಬಳಸುವ ಎಲ್ಲ ಟರ್ಮಿನಲ್ ಪ್ರೋಗ್ರಾಮುಗಳೂ ಯಾರನ್ನು ಅನುಕರಿಸುತ್ತವೋ ಆ ಡಿಇಸಿ ಕಂಪನಿಯ ವಿಟಿ100 ಬಂದದ್ದು 1978ರಲ್ಲಿ, ಅದು ಏಕವರ್ಣದ ಯಂತ್ರ. ಒತ್ತು ಕೊಡಬೇಕಾದರೆ ದಪ್ಪಕ್ಷರ, ಅಡಿಗೆರೆ, ಮಿನುಗು, ಇಲ್ಲವೇ ರಿವರ್ಸ್, ಅಂದರೆ ಅಕ್ಷರದ ಬಣ್ಣ ಮತ್ತು ಹಿನ್ನೆಲೆ ಅದಲುಬದಲು. ಆಗ ನಾನು ಹುಟ್ಟಿದ್ದಿದ್ದರೆ ಯಾರ ಹಂಗೂ ಇರುತ್ತಿರಲಿಲ್ಲ. ಆಮೇಲೆ ಬಣ್ಣ ಬಂದಾಗ ಎಸ್ಕೇಪ್ ಕೋಡುಗಳಲ್ಲಿ 30ರಿಂದ 37 ಅಕ್ಷರಕ್ಕೆ, 40ರಿಂದ 47 ಹಿನ್ನೆಲೆಗೆ ಅಂತ ನಂಬರ್ ಕೊಟ್ಟರು. ಕಪ್ಪು, ಕೆಂಪು, ಹಸಿರು, ಹಳದಿ, ನೀಲಿ, ಮೆಜೆಂಟಾ, ಸಯಾನ್, ಬಿಳಿ. ಎಂಟೇ. ಆಮೇಲೆ ಅವುಗಳದ್ದೇ ಬೆಳಗಿದ ರೂಪ ಎಂಟು ಸೇರಿ ಹದಿನಾರಾದವು.

ಗಮನಿಸಬೇಕಾದ್ದು, ಇವು ಬರೀ ಹೆಸರುಗಳು. 34 ಅಂದರೆ ನೀಲಿ, ಸರಿ. ಎಂಥ ನೀಲಿ? ಅದನ್ನು ಪ್ರೋಗ್ರಾಂ ಹೇಳಲ್ಲ, ಟರ್ಮಿನಲ್ ತೀರ್ಮಾನ ಮಾಡುತ್ತೆ. ಹಳೇ ವಿಜಿಎ ಕಾರ್ಡಿನ ನೀಲಿಯಲ್ಲಿ ನೀಲಿ ಅಂಶ 255ಕ್ಕೆ 170. ವಿಂಡೋಸ್‌ನ ಹಳೇ ಕನ್ಸೋಲಿನಲ್ಲಿ 128. ಅದು ಎಷ್ಟು ಕಡು ಅಂದ್ರೆ 2017ರಲ್ಲಿ ಮೈಕ್ರೋಸಾಫ್ಟ್‌ನವರೇ ಇಡೀ ಬಣ್ಣದ ಪಟ್ಟಿಯನ್ನು ಬದಲಿಸಿ ಕ್ಯಾಂಪ್‌ಬೆಲ್ ಅಂತ ಹೆಸರಿಟ್ಟರು. ಇನ್ನೊಂದು ತಮಾಷೆ: ಹಳೇ ಐಬಿಎಂ ಕಲರ್ ಮಾನಿಟರಿನಲ್ಲಿ ಕಡುಹಳದಿ ನೋಡೋಕೆ ಚೆನ್ನಾಗಿಲ್ಲ ಅಂತ, ಆ ಒಂದು ಬಣ್ಣ ಬಂದಾಗ ಮಾತ್ರ ಹಸಿರಿನ ಅಂಶ ತಗ್ಗಿಸಿ ಕಂದು ಮಾಡುವ ಸರ್ಕ್ಯೂಟನ್ನೇ ಇಟ್ಟಿದ್ದರು. ಹಳದಿ ಅಂತ ಕೇಳಿದರೆ ಕಂದು ಬರುವ ಪದ್ಧತಿ ಶುರುವಾದದ್ದು ಹಾಗೆ.

ಕನ್ನಡ ಈ ವಿಷಯದಲ್ಲಿ ಟರ್ಮಿನಲ್‌ಗಿಂತ ಜಾಣ ಅನಿಸುತ್ತೆ ನನಗೆ. ನಾವು ಬರೀ ನೀಲಿ ಅನ್ನಲ್ಲ. ಕಡುನೀಲಿ, ತಿಳಿನೀಲಿ, ಅಚ್ಚನೀಲಿ, ಮಾಸಲು ನೀಲಿ. ಬಟ್ಟೆ ಅಂಗಡಿಯಲ್ಲಿ ಅಮ್ಮ ಸೀರೆ ಕೇಳುವಾಗ ಈ ಮುಂದಿನ ಪದ ಇಲ್ಲದೆ ಬಣ್ಣದ ಹೆಸರನ್ನೇ ಹೇಳಲ್ಲ. ಅಕ್ಷರ ಓದೋಕೆ ಮುಖ್ಯವಾಗೋದು ಆ ಮುಂದಿನ ಪದವೇ. ಬಣ್ಣ ಯಾವುದಾದರೂ ಇರಲಿ, ಅಕ್ಷರ ತಿಳಿಯಾಗಿದ್ದು ಹಿನ್ನೆಲೆ ಕಡುವಾಗಿರಬೇಕು, ಇಲ್ಲವೇ ಉಲ್ಟಾ. ಸಾರಿಸಿದ ನೆಲದ ಮೇಲೆ ಬಿಳಿ ರಂಗೋಲಿ ಎದ್ದು ಕಾಣುತ್ತಲ್ಲ, ಅಷ್ಟೇ.

ಇದನ್ನು ಲೆಕ್ಕ ಹಾಕುವ ಸೂತ್ರ ಇದೆ, ವೆಬ್ ಪುಟಗಳಿಗಾಗಿ ಮಾಡಿದ್ದು, ಟರ್ಮಿನಲ್‌ಗೂ ನಡೆಯುತ್ತೆ. ಮೊದಲು ಪ್ರತಿ ಬಣ್ಣದ ಬೆಳಕಿನ ಪ್ರಮಾಣ ತೆಗೀಬೇಕು: ಕೆಂಪಿನ 0.2126 ಭಾಗ, ಹಸಿರಿನ 0.7152 ಭಾಗ, ನೀಲಿಯ 0.0722 ಭಾಗ ಕೂಡಿಸಿದರೆ ಆಯ್ತು (ಕೂಡಿಸೋಕೆ ಮುಂಚೆ ಗಾಮಾ ಬಿಡಿಸಬೇಕು, ಪೈಥಾನಿನಲ್ಲಿ ಒಂದು ಸಾಲು). ಆಮೇಲೆ ಹೆಚ್ಚಿನದ್ದಕ್ಕೂ ಕಡಿಮೆಯದ್ದಕ್ಕೂ 0.05 ಸೇರಿಸಿ ಭಾಗಿಸಿದರೆ ಕಾಂಟ್ರಾಸ್ಟ್ ಸಿಗುತ್ತೆ. ಕಪ್ಪು-ಬಿಳಿಗೆ 21. ಸಾಮಾನ್ಯ ಅಕ್ಷರಕ್ಕೆ ಕನಿಷ್ಠ 4.5 ಇರಲಿ ಅಂತ ನಿಯಮ, ಧಾರಾಳವಾಗಿ ಬೇಕಂದ್ರೆ 7.

ನೀಲಿಯ ಪಾಲು ನೋಡಿ: ನೂರಕ್ಕೆ ಏಳು. ಅಂದಮೇಲೆ ಕಪ್ಪಿನ ಮೇಲೆ ನೀಲಿ ಯಾಕೆ ಓದೋಕೆ ಆಗಲ್ಲ ಅಂತ ಕೇಳಬೇಕಾಗಿಲ್ಲ. ಪೂರ್ತಿ ಉರಿಯುವ 255ರ ನೀಲಿಗೇ 2.44 ಅಷ್ಟೇ. ವಿಜಿಎ ನೀಲಿಗೆ 1.58. ಆ 128ರ ನೀಲಿಗೆ 1.31. ಇದು ಬಣ್ಣಗುರುಡಿನ ಮಾತಲ್ಲ, ನಿಮ್ಮ ಹದ್ದಿನ ಕಣ್ಣಿಗೂ ಇಷ್ಟೇ. ಇಷ್ಟಿದ್ದೂ ಲಿನಕ್ಸ್‌ನ ಎಲ್‌ಎಸ್ ಕಮಾಂಡ್ ಫೋಲ್ಡರುಗಳಿಗೆ ಮೊದಲಿನಿಂದ ಇಟ್ಟಿರೋದು ದಪ್ಪ ನೀಲಿ. ಇದಕ್ಕೆ ಕಾರಣ ಇತ್ತು. ಹಳೇ ಟರ್ಮಿನಲ್‌ಗಳಲ್ಲಿ ದಪ್ಪ ಅಂದರೆ ಬೆಳಗು ಅಂತಲೇ ಅರ್ಥ, ನೀಲಿ ತಾನಾಗಿ ತಿಳಿಯಾಗುತ್ತಿತ್ತು. ಈಗಿನ ಹಲವು ಟರ್ಮಿನಲ್‌ಗಳು ದಪ್ಪ ಅಂದರೆ ದಪ್ಪ ಮಾತ್ರ ಮಾಡ್ತವೆ, ಬಣ್ಣ ಕಡುವಾಗೇ ಉಳಿಯುತ್ತೆ. ವಿಮ್‌ನಲ್ಲೂ ಇಂಥದ್ದೇ ಕಥೆ: ಹಿನ್ನೆಲೆ ಕಪ್ಪು ಅನ್ನೋದು ಅದಕ್ಕೆ ಗೊತ್ತಾಗದಿದ್ದರೆ ಬಿಳಿ ಅಂದ್ಕೊಂಡು ಕಾಮೆಂಟುಗಳನ್ನು ಕಡುನೀಲಿ ಮಾಡುತ್ತೆ. ಬ್ಯಾಕ್‌ಗ್ರೌಂಡ್ ಡಾರ್ಕ್ ಅಂತ ಒಂದು ಸಾಲು ಹೇಳಿದರೆ ಸರಿಹೋಗುತ್ತೆ. ವಿಂಡೋಸ್ ಒಳಗೆ ಲಿನಕ್ಸ್ ಹಾಕಿಕೊಂಡವರು ಸಿ ಡ್ರೈವಿಗೆ ಹೋಗಿ ಎಲ್‌ಎಸ್ ಕೊಟ್ಟು ನೋಡಿ, ಹಸಿರು ಹಿನ್ನೆಲೆಯಲ್ಲಿ ನೀಲಿ ಅಕ್ಷರ. ಯಾರು ಬೇಕಾದರೂ ಬರೆಯಬಹುದಾದ ಫೋಲ್ಡರ್ ಅಂತ ಎಚ್ಚರಿಸುವ ಬಣ್ಣ ಅದು. ಎಚ್ಚರಿಕೆ ಸರಿ, ಹೆಸರು ಓದೋಕಾಗಲ್ಲ.

ನಾವು ನಕ್ಕು ನಕ್ಕು ಸುಸ್ತಾಗುವ ಟರ್ಬೋ ಸಿ ಇದೆಯಲ್ಲ, ಡಾಸ್‌ಬಾಕ್ಸ್ ಒಳಗೆ ಓಡಿಸುವ ಆ ನೀಲಿ ಪರದೆ? ಅದರ ಹಳದಿ ಅಕ್ಷರಕ್ಕೂ ನೀಲಿ ಹಿನ್ನೆಲೆಗೂ ಲೆಕ್ಕ ಹಾಕಿದೆ: ಸುಮಾರು 12.5. ಅದೇ ವಿಜಿಎ ನೀಲಿ, ಅಕ್ಷರವಾದಾಗ ಫೇಲ್, ಹಿನ್ನೆಲೆಯಾದಾಗ ಡಿಸ್ಟಿಂಕ್ಷನ್. ಜೊತೆಗೆ ಹಳದಿ-ನೀಲಿ ಜೋಡಿ ನನ್ನಂಥವರಿಗೂ ಗೊಂದಲ ಮಾಡಲ್ಲ. ಹಳೇದು ಅಂತ ಬೈಯೋರು ಬೈಯಲಿ, ನನಗೆ ಮೊದಲ ಸಲ ಕಂಪ್ಯೂಟರ್ ಮೇಲೆ ಕೋಡ್ ಸಲೀಸಾಗಿ ಕಂಡದ್ದು ಅಲ್ಲೇ.

ಕೆಂಪಿನ ವಿಷಯಕ್ಕೆ ಬರ್ತೀನಿ. ಕಪ್ಪಿನ ಮೇಲೆ ಪೂರ್ತಿ ಕೆಂಪಿಗೆ 5.25, ಪಾಸ್. ವಿಜಿಎಯ ಕಡುಗೆಂಪಿಗೆ 2.7. ಎರರ್ ಮೆಸೇಜುಗಳನ್ನು ನಾವು ಬರೆಯೋದು ಇದರಲ್ಲೇ! ಸ್ಕ್ರೀನಿನಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸಾಲು ಎಲ್ಲಕ್ಕಿಂತ ಮಂಕಾದ ಬಣ್ಣದಲ್ಲಿ. ಮೇಲಾಗಿ ಆ 0.2126 ಅನ್ನೋದು ಸರಿ ಇರುವ ಕಣ್ಣಿನ ಲೆಕ್ಕ. ಪ್ರೋಟಾನ್ ಕಣ್ಣಿಗೆ ಕೆಂಪಿನ ಪಾಲು ಅದಕ್ಕಿಂತ ಬಹಳ ಕಮ್ಮಿ, ಅಂದರೆ ಸೂತ್ರದಲ್ಲಿ ಪಾಸಾದ ಕೆಂಪೂ ನನಗೆ ಪಾಸಲ್ಲ. ಸೂತ್ರವನ್ನು ನಂಬಿ, ಆದರೆ ಕೆಂಪಿನ ವಿಷಯದಲ್ಲಿ ಸ್ವಲ್ಪ ಕಡಿಮೆ ನಂಬಿ.

ಇದೇ ಲೆಕ್ಕ ಆಡ್ತಾ ಆಡ್ತಾ ಒಂದು ವಿಷಯ ಸಿಕ್ಕಿತು, ಹೇಳದಿದ್ದರೆ ನಿದ್ದೆ ಬರಲ್ಲ. ಯಾವುದೇ ಬಣ್ಣ ತಗೊಳ್ಳಿ. ಕಪ್ಪಿನ ಮೇಲೆ ಅದರ ಕಾಂಟ್ರಾಸ್ಟ್, ಬಿಳಿಯ ಮೇಲೆ ಅದರ ಕಾಂಟ್ರಾಸ್ಟ್, ಎರಡನ್ನೂ ಗುಣಿಸಿ. ಉತ್ತರ ಯಾವಾಗಲೂ 21. ಸೂತ್ರ ಬರೆದು ನೋಡಿದರೆ ಮಧ್ಯದ ಪದ ಹೊಡೆದುಹೋಗಿ ಕಪ್ಪು-ಬಿಳಿಯದ್ದೇ ಉಳಿಯುತ್ತೆ. ಹಾಗಾಗಿ ಎರಡೂ ಹಿನ್ನೆಲೆಯಲ್ಲಿ ಒಂದೇ ಸಮ ಓದಿಸಿಕೊಳ್ಳುವ ಬಣ್ಣಕ್ಕೆ ಸಿಗೋದು 21ರ ವರ್ಗಮೂಲ, ಅಂದರೆ ಸುಮಾರು 4.58. ಬೇಕಾದ 4.5ಕ್ಕಿಂತ ಕೂದಲೆಳೆ ಜಾಸ್ತಿ. ನೂರು ಮಾರ್ಕ್ಸಿಗೆ ಮೂವತ್ತಾರು. "ಯಾರ ಟರ್ಮಿನಲ್‌ಗೆ ಹಾಕಿದ್ರೂ ಚೆನ್ನಾಗಿ ಕಾಣೋ ಬಣ್ಣ ಹೇಳು" ಅಂತ ಜೂನಿಯರ್ಸ್ ಕೇಳ್ತಾರಲ್ಲ, ಅಂಥದ್ದು ಇಲ್ಲ ಅಂತ ಇನ್ನು ಮೇಲೆ ಗಣಿತದಿಂದಲೇ ಹೇಳಬಹುದು. ಬಣ್ಣಗುರುಡರಿಗೂ ಹೊಂದುವಂತೆ ಒಕಾಬೆ ಮತ್ತು ಇಟೊ ಅನ್ನೋ ಜಪಾನಿನ ಇಬ್ಬರು ವಿಜ್ಞಾನಿಗಳು ಮಾಡಿದ ಪ್ರಸಿದ್ಧ ಬಣ್ಣದ ಪಟ್ಟಿ ಇದೆ. ಅದರ ಕಿತ್ತಳೆ, ಆಕಾಶನೀಲಿ ಎರಡೂ ಕಪ್ಪಿನ ಮೇಲೆ 9ರ ಸುತ್ತಮುತ್ತ, ಬಹಳ ಚೆಂದ. ಬಿಳಿಯ ಮೇಲೆ ಅವೇ ಎರಡು ಚಿಲ್ಲರೆ. ಚಾರ್ಟಿನಲ್ಲಿ ಕಂಬ ತುಂಬೋಕೆ ಸಾಕು, ಅಕ್ಷರ ಬರೆಯೋಕೆ ಸಾಲದು.

ಹೆಸರಾಂತ ಥೀಮುಗಳನ್ನೂ ಈ ತಕ್ಕಡಿಗೆ ಹಾಕಿದೆ. ಸೋಲರೈಸ್ಡ್ ಅಂತ 2011ರಲ್ಲಿ ಈಥನ್ ಸ್ಕೂನೋವರ್ ಮಾಡಿದ್ದು, ಲೆಕ್ಕಾಚಾರದಿಂದ ಕಟ್ಟಿದ ಥೀಮ್, ನನಗೂ ನೋಡೋಕೆ ಇಷ್ಟ. ಅದರ ಕಡು ರೂಪದಲ್ಲಿ ಮಾಮೂಲಿ ಅಕ್ಷರಕ್ಕೆ 4.7, ಕಾಮೆಂಟುಗಳಿಗೆ 2.8. ಕಾಮೆಂಟ್ ಮಂಕಾಗಿರಬೇಕು ಅನ್ನೋದು ಯಾವ ಕಾಲದ ನಂಬಿಕೆಯೋ. ಇನ್ನೊಬ್ಬರು ಬರೆದ ಕೋಡ್ ಅರ್ಥ ಮಾಡಿಕೊಳ್ಳುವಾಗ ನಾನು ಮೊದಲು ಓದೋದೇ ಕಾಮೆಂಟನ್ನು. ಅದರಲ್ಲಿ ಇನ್ನೊಂದು ಪೇಚಿದೆ. ಬೆಳಗಿದ ಎಂಟು ಬಣ್ಣಗಳ ಜಾಗದಲ್ಲಿ ಹೆಚ್ಚಿನವಕ್ಕೆ ಅದು ಬೂದು ಛಾಯೆಗಳನ್ನು ಇಟ್ಟಿದೆ, ಬೆಳಗಿದ ಕಪ್ಪಿನ ಜಾಗದಲ್ಲಂತೂ ಹಿನ್ನೆಲೆಯ ಬಣ್ಣವನ್ನೇ. ಯಾವುದಾದರೂ ಪ್ರೋಗ್ರಾಂ "ಇದು ಅಷ್ಟು ಮುಖ್ಯವಲ್ಲ, ಬೂದಿಯಲ್ಲಿ ಬರೆಯೋಣ" ಅಂತ ಬೆಳಗಿದ ಕಪ್ಪನ್ನು ಬಳಸಿದರೆ ಆ ಸಾಲು ಪೂರ್ತಿ ಮಾಯ. ಅಲ್ಲಿ ಅಕ್ಷರ ಇತ್ತು ಅಂತಲೇ ಗೊತ್ತಾಗಲ್ಲ.

ಕಾಲೇಜಿನವರೆಲ್ಲ ಕೈಬಿಟ್ಟ ಈಮ್ಯಾಕ್ಸ್‌ಗೆ ಒಂದು ಮೆಚ್ಚುಗೆ ಸಲ್ಲಬೇಕು. ಅದರ ಜೊತೆಗೇ ಬರುವ ಮೋಡಸ್ ಥೀಮುಗಳು 7ರ ಕಾಂಟ್ರಾಸ್ಟ್ ಗುರಿಯಿಟ್ಟು ಮಾಡಿದವು, ಕೆಂಪು-ಹಸಿರು ದೋಷ ಇರುವವರಿಗೆ ಬೇರೆ ರೂಪವೂ ಇದೆ. ಸ್ಕ್ರೀನ್‌ಶಾಟಿನಲ್ಲಿ ಸಪ್ಪೆ. ರಾತ್ರಿ ಎರಡು ಗಂಟೆಗೆ ಅಸೈನ್‌ಮೆಂಟ್ ಮಾಡುವಾಗ ಸಪ್ಪೆ ಅನಿಸಲ್ಲ.

ಈಗ ಪ್ರೊಜೆಕ್ಟರ್. ಪ್ರಾಜೆಕ್ಟ್ ರಿವ್ಯೂ ದಿನ ಸೆಮಿನಾರ್ ಹಾಲಿನಲ್ಲಿ ಕಪ್ಪು ಟರ್ಮಿನಲ್ ತೋರಿಸಿದರೆ ಹಿಂದಿನ ಬೆಂಚಿನವರಿಗೆ ಏನೂ ಕಾಣಲ್ಲ ಅನ್ನೋದು ಎಲ್ಲರಿಗೂ ಗೊತ್ತು. ಯಾಕೆ ಅಂತ ಆ 0.05 ಹೇಳುತ್ತೆ. ಅದು ಸುತ್ತಲಿನ ಬೆಳಕು ಪರದೆ ಮೇಲೆ ಬಿದ್ದು ಕಪ್ಪನ್ನೂ ಸ್ವಲ್ಪ ಬೆಳಗಿಸುವುದಕ್ಕೆ ಕೊಟ್ಟ ಲೆಕ್ಕ. ಪ್ರೊಜೆಕ್ಟರಿಗೆ ಕಪ್ಪು ಚೆಲ್ಲೋಕೆ ಬರಲ್ಲ. ಕಪ್ಪು ಅಂದರೆ ಆ ಹಾಲಿನ ಬಿಳಿ ಪರದೆಯೇ, ಟ್ಯೂಬ್‌ಲೈಟಿನ ಬೆಳಕಿನಲ್ಲಿ. ಒಂದು ಉದಾಹರಣೆಗೆ ಅಂತ 0.05 ಬದಲು 0.5 ಹಾಕಿ ನೋಡಿ. ಕಪ್ಪು-ಬಿಳಿಯ 21 ಇಳಿದು 3 ಆಗುತ್ತೆ. ಸೋಲರೈಸ್ಡ್‌ನ ಕಡು ರೂಪಕ್ಕೆ 1.5, ಬಿಳಿ ರೂಪಕ್ಕೆ 2.1. ನಮ್ಮ ಲ್ಯಾಪ್‌ಟಾಪಿನಲ್ಲಿ ಇದು ಉಲ್ಟಾ ಇತ್ತು, ಕಡು ರೂಪಕ್ಕೆ 4.7, ಬಿಳಿ ರೂಪಕ್ಕೆ 4.1. ಅಂದರೆ ಕೋಣೆಯ ಬೆಳಕು ಬದಲಾದರೆ ಯಾವುದು ಉತ್ತಮ ಅನ್ನೋದೂ ಬದಲಾಗುತ್ತೆ. ಕಿಟಕಿ ಪಕ್ಕದ ಮೇಜಿನಲ್ಲಿ ಮಧ್ಯಾಹ್ನ ಡಾರ್ಕ್ ಮೋಡ್ ಇಟ್ಟುಕೊಂಡು ಮುಖ ಕಿವುಚಿಕೊಂಡು ಕೂರುವವರಿಗೂ ಇದೇ ಉತ್ತರ. ರಿವ್ಯೂಗೆ ಹೋಗುವಾಗ ಬಿಳಿ ಹಿನ್ನೆಲೆ, ಕಪ್ಪು ಅಕ್ಷರ, ದೊಡ್ಡ ಫಾಂಟ್. ಹ್ಯಾಕರ್ ಥರ ಕಾಣಲ್ಲ, ಮಾರ್ಕ್ಸ್ ಕೊಡುವವರಿಗೆ ಔಟ್‌ಪುಟ್ ಕಾಣುತ್ತೆ.

ಕಳೆದ ಸೆಮಿಸ್ಟರ್ ಮಿನಿ ಪ್ರಾಜೆಕ್ಟಿಗೆ ನಾನೇ ಒಂದು ಟರ್ಮಿನಲ್ ಪ್ರೋಗ್ರಾಂ ಬರೆದೆ. ನಮ್ಮ ಲ್ಯಾಬಿನ ಯಂತ್ರಗಳಲ್ಲಿ ಯಾವುದು ಖಾಲಿ, ಯಾವುದರಲ್ಲಿ ಯಾರೋ ಇದ್ದಾರೆ, ಯಾವುದು ಸತ್ತು ಬಿದ್ದಿದೆ ಅಂತ ತೋರಿಸುವ ಪಟ್ಟಿ. ಪೈಥಾನ್, ಕರ್ಸಸ್ ಲೈಬ್ರರಿ. ಈ ಓದಿದ್ದೆಲ್ಲ ಅಲ್ಲಿ ಉಪಯೋಗಕ್ಕೆ ಬಂತು.

ಮೊದಲು ಬಣ್ಣವೇ ಇಲ್ಲದೆ ಬರೆದೆ. ಖಾಲಿಗೆ ಚುಕ್ಕಿ, ಬಳಕೆಯಲ್ಲಿದ್ದರೆ ತುಂಬಿದ ಚೌಕ, ಸತ್ತದ್ದಕ್ಕೆ ಇಂಟು ಮಾರ್ಕ್, ಪಕ್ಕದಲ್ಲಿ ಒಂದೊಂದು ಪದ. ಟ್ರಾಫಿಕ್ ಸಿಗ್ನಲ್ ಯೋಚಿಸಿ: ಸಿಲ್ಕ್ ಬೋರ್ಡಿನಲ್ಲಿ ನಾನು ಗಾಡಿ ನಿಲ್ಲಿಸೋದು ಕೆಂಪು ನೋಡಿ ಅಲ್ಲ, ಮೇಲಿನ ದೀಪ ನೋಡಿ. ಜಾಗವೇ ಅರ್ಥ ಹೇಳುತ್ತೆ, ಬಣ್ಣ ಅದಕ್ಕೆ ಸಾಕ್ಷಿ. ಗಿಟ್ ಡಿಫ್ ಕೂಡ ಹಾಗೇ, ಕೆಂಪು-ಹಸಿರು ಕಾಣದಿದ್ದರೂ ಸಾಲಿನ ಮುಂದೆ ಪ್ಲಸ್, ಮೈನಸ್ ಇದೆ. ಅದರಲ್ಲೇ ಪದ ಪದಕ್ಕೆ ಬಣ್ಣ ಹಚ್ಚುವ ಕಲರ್-ವರ್ಡ್ಸ್ ಆಯ್ಕೆ ಕೊಟ್ಟರೆ ಆ ಚಿಹ್ನೆಗಳು ಹೋಗ್ತವೆ, ನನಗೆ ಅದು ನಿರುಪಯೋಗಿ. ವರ್ಡ್-ಡಿಫ್ ಕೊಟ್ಟರೆ ಆವರಣ ಚಿಹ್ನೆಗಳ ಒಳಗೆ ಪ್ಲಸ್, ಮೈನಸ್ ಉಳಿಯುತ್ತೆ. ಪದಗಳನ್ನು ಕನ್ನಡದಲ್ಲೇ ಹಾಕೋಣ ಅಂತ ಆಸೆ ಇತ್ತು. ಟರ್ಮಿನಲ್‌ನ ಚೌಕದ ಮನೆಗಳಲ್ಲಿ ಒತ್ತಕ್ಷರ ಕೂರಲ್ಲ, "ಸತ್ತಿದೆ" ಅನ್ನೋದರ ತಾವತ್ತು ಎಲ್ಲೋ, ಸಾಲಿನ ಅಂಚು ಎಲ್ಲೋ. ಅದು ಬೇರೆಯೇ ದೊಡ್ಡ ಗೋಳು, ಇನ್ನೊಂದು ಸಂಚಿಕೆಗೆ ಇರಲಿ.

ಆಮೇಲೆ ಬಣ್ಣ. ಹಿನ್ನೆಲೆಯನ್ನು ನಾನು ಮುಟ್ಟಲಿಲ್ಲ. ಕರ್ಸಸ್‌ನಲ್ಲಿ ಡೀಫಾಲ್ಟ್ ಬಣ್ಣ ಬಳಸು ಅಂತ ಹೇಳಿ ಹಿನ್ನೆಲೆಗೆ ಮೈನಸ್ 1 ಕೊಟ್ಟರೆ ಬಳಸುವವರ ಟರ್ಮಿನಲ್ ಹೇಗಿದೆಯೋ ಹಾಗೇ ಇರುತ್ತೆ. ಹೆಚ್ಚಿನ ಅಕ್ಷರಗಳಿಗೂ ಅವರದ್ದೇ ಡೀಫಾಲ್ಟ್ ಬಣ್ಣ, ಯಾಕಂದ್ರೆ ಅದನ್ನು ಅವರು ಓದಬಲ್ಲರು ಅನ್ನೋದು ಖಚಿತ. ಆಯ್ಕೆಯಾದ ಸಾಲಿಗೆ ರಿವರ್ಸ್. ವಿಟಿ100 ಕಾಲದ ಆ ಒಂದು ಉಪಾಯ ಇವತ್ತಿಗೂ ಎಲ್ಲ ಥೀಮಿನಲ್ಲೂ ನಡೆಯುತ್ತೆ. ಓದೋಕೆ ಬರುವ ಜೋಡಿಯನ್ನು ತಿರುಗಿಸಿದರೆ ಓದೋಕೆ ಬರುವ ಜೋಡಿಯೇ ಸಿಗೋದು. ಸತ್ತ ಯಂತ್ರಕ್ಕೆ ಮಾತ್ರ ಒಂದು ಬಣ್ಣ ಬೇಕಿತ್ತು. ಅಲ್ಲಿ ಕೆಂಪು ಅಕ್ಷರ ಬರೆಯದೆ ಹಿನ್ನೆಲೆ, ಅಕ್ಷರ ಎರಡನ್ನೂ ನಾನೇ ಕೊಟ್ಟೆ: ಹಳದಿಯ ಮೇಲೆ ಕಪ್ಪು. ಎರಡನ್ನೂ ಬಿಡಿ, ಇಲ್ಲ ಎರಡನ್ನೂ ಹಾಕಿ. ಒಂದನ್ನು ಹಾಕಿ ಇನ್ನೊಂದನ್ನು ಬಿಟ್ಟರೆ ಯಾರದ್ದೋ ಬಿಳಿ ಟರ್ಮಿನಲ್‌ನಲ್ಲಿ ಹಳದಿ ಅಕ್ಷರ ಬೀಳುತ್ತೆ. ಅದರ ಕಾಂಟ್ರಾಸ್ಟ್ ಎಷ್ಟು ಗೊತ್ತಾ? 1.07. ಹಾಲಿನ ಮೇಲೆ ಮಜ್ಜಿಗೆಯಲ್ಲಿ ಬರೆದ ಹಾಗೆ.

ಈಗ 256 ಬಣ್ಣ ಇದೆ, 24 ಬಿಟ್‌ನ ಕೋಟಿಗಟ್ಟಲೆ ಬಣ್ಣ ಇದೆ, ಹದಿನಾರರಲ್ಲೇ ಯಾಕೆ ಒದ್ದಾಡ್ತೀಯ ಅಂತ ಟೀಮಿನವನು ಕೇಳಿದ. ಹದಿನಾರನ್ನು ಬಳಸುವವರು ತಿದ್ದಿಕೊಳ್ಳಬಹುದು, ಅದಕ್ಕೇ. ನನ್ನ ಟರ್ಮಿನಲ್‌ನ ಪಟ್ಟಿಯಲ್ಲಿ ನೀಲಿಯನ್ನು ತಿಳಿ ಮಾಡಿದ್ದೇನೆ, ಕೆಂಪನ್ನು ಕಿತ್ತಳೆ ಕಡೆಗೆ ಎಳೆದಿದ್ದೇನೆ, ಹಸಿರನ್ನು ನೀಲಿ ಕಡೆಗೆ. ಒಂದೇ ಸಲ ತಿದ್ದಿದ್ದು, ಎಲ್‌ಎಸ್, ಗ್ರೆಪ್, ಗಿಟ್ ಎಲ್ಲ ಒಟ್ಟಿಗೆ ಸರಿಹೋದವು. ಯಾವ ಪ್ರೋಗ್ರಾಂ 24 ಬಿಟ್‌ನ ತನ್ನದೇ ಕೆಂಪು ತರುತ್ತೋ ಅದು ನನ್ನ ತಿದ್ದುಪಡಿಯನ್ನು ದಾಟಿ ಹೋಗುತ್ತೆ. ಪಟ್ಟಿ ತಿದ್ದೋಕೆ ಬೇಸರವಾದರೆ ಎಲ್‌ಎಸ್ ಒಂದಕ್ಕಾದರೂ ಡಿರ್‌ಕಲರ್ಸ್ ಕಮಾಂಡಿಗೆ ಮೈನಸ್ ಪಿ ಕೊಟ್ಟು ಪಟ್ಟಿ ತೆಗೆದು, ಫೋಲ್ಡರಿನ ಸಾಲಿನಲ್ಲಿ 34 ಇರುವ ಕಡೆ 94 ಮಾಡಿ, ತಿದ್ದಿದ ಕಡತವನ್ನು ಶೆಲ್ ಶುರುವಾಗುವಾಗ ಓದಿಸಿ. ಎಚ್‌ಟಾಪ್‌ನಲ್ಲಿ ಎಫ್2 ಒತ್ತಿದರೆ ಬಣ್ಣದ ಆಯ್ಕೆಗಳಿವೆ, ಏಕವರ್ಣದ್ದೂ ಸೇರಿ.

ನೋ_ಕಲರ್ ಅನ್ನೋ ಎನ್ವಿರಾನ್‌ಮೆಂಟ್ ವೇರಿಯಬಲ್ ಇದ್ದರೆ ಬಣ್ಣ ಪೂರ್ತಿ ಬಿಡಿ ಅಂತ 2017ರಿಂದ ಒಂದು ಒಪ್ಪಂದ ಚಾಲ್ತಿಯಲ್ಲಿದೆ, ಅದನ್ನೂ ಸೇರಿಸಿದೆ. ಎರಡು ಸಾಲು. ಔಟ್‌ಪುಟ್ ಟರ್ಮಿನಲ್‌ಗೆ ಹೋಗದೆ ಫೈಲಿಗೆ ಹೋಗ್ತಿದ್ದರೂ ಬಣ್ಣ ಬೇಡ, ಇಲ್ಲಾಂದ್ರೆ ಲಾಗ್ ಫೈಲ್ ತುಂಬಾ 31, 32 ಅಂತ ಕಸ.

ಪರೀಕ್ಷೆ ಮಾಡೋಕೆ ನನ್ನ ಕಣ್ಣು ಅರ್ಧ ಸಾಕು, ಇನ್ನರ್ಧ ಬೇರೆಯವರದ್ದು ಬೇಕು. ಟೀಮಿನವನು ಸ್ಕ್ರೀನ್‌ಶಾಟನ್ನು ತನ್ನ ಆಂಡ್ರಾಯ್ಡ್ ಫೋನಿಗೆ ಕಳಿಸಿಕೊಂಡು ಡೆವಲಪರ್ ಆಪ್ಷನ್ಸ್‌ನಲ್ಲಿ ಬಣ್ಣದ ಸಿಮ್ಯುಲೇಷನ್ ಹಾಕಿ ನೋಡಿದ. ಮೊದಲು ಬೂದು, ಆಮೇಲೆ ಪ್ರೋಟಾನೋಮಲಿ. ಸುಮಾರು ಹೊತ್ತು ಫೋನ್ ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ ಕ್ಯಾಂಟೀನ್ ಬೋರ್ಡ್, ತನ್ನ ಗ್ಯಾಲರಿಯ ಫೋಟೋಗಳು, ಅವನ ಊರಿನ ಜಾತ್ರೆಯ ತೇರು. "ನಿಂಗೆ ಇಷ್ಟೇನಾ ಕಾಣೋದು?" ಅಂದ. ಇಷ್ಟೇ ಅಂದೆ. ತೇರಿನ ಫೋಟೋ ನನಗೇನೋ ಚೆನ್ನಾಗೇ ಕಾಣ್ತಿತ್ತು.

ಪ್ರೋಗ್ರಾಂ ಈಗ ಲ್ಯಾಬಿನಲ್ಲಿ ಓಡ್ತಾ ಇದೆ. ಹೋದ ವಾರ ಸೆಕೆಂಡ್ ಇಯರ್ ಹುಡುಗನೊಬ್ಬ ಬಂದು "ಅಣ್ಣಾ, ಇದಕ್ಕೆ ಮ್ಯಾಟ್ರಿಕ್ಸ್ ಥರ ಗ್ರೀನ್ ಥೀಮ್ ಕೊಡಿ, ಮಸ್ತಾಗಿರುತ್ತೆ" ಅಂದ. ನಿನ್ನ ಟರ್ಮಿನಲ್‌ನ ಡೀಫಾಲ್ಟ್ ಅಕ್ಷರವನ್ನು ಹಸಿರು ಮಾಡ್ಕೋ, ಹಿನ್ನೆಲೆ ಕಪ್ಪು ಇಟ್ಕೋ, ನನ್ನ ಕೋಡಿನಲ್ಲಿ ಒಂದು ಸಾಲೂ ಮುಟ್ಟೋದು ಬೇಡ ಅಂದೆ. ಕಪ್ಪಿನ ಮೇಲೆ ಅಚ್ಚ ಹಸಿರಿಗೆ 15.3, ಅದೂ ಹೇಳಿದೆ. ಅವನಿಗೆ ನಂಬರ್ ಬೇಕಿರಲಿಲ್ಲ.